ರಬ್ಬರ್ ಬಲ್ಬ್, ಬಾಗಿದ ಕೊಳವೆ, ಸುತ್ತ ತೂತು: ಹೆಂಗಸರ ಸಿರಿಂಜ್ ಕೆಲಸ ಮಾಡುತ್ತಿದ್ದುದು ಹೀಗೆ

1900ರ ಆಸುಪಾಸಿನ ಅಮೆರಿಕದ ಪತ್ರಿಕೆಗಳನ್ನು ತಿರುವಿದರೆ ಒಂದು ಪುಟ್ಟ ಜಾಹೀರಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವಸ್ತುವಿನ ಹೆಸರು ‘ಮಾರ್ವೆಲ್ ವರ್ಲಿಂಗ್ ಸ್ಪ್ರೇ’. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ರಬ್ಬರ್ ಬಲ್ಬ್, ಅದಕ್ಕೆ ಕೂರಿಸಿದ ಗಟ್ಟಿ ಕೊಳವೆ, ಕೊಳವೆಯ ತುದಿಯಿಂದ ಸುರುಳಿಯಾಗಿ ಚಿಮ್ಮುವ ನೀರು. ಪ್ರತಿಯೊಬ್ಬ ಹೆಂಗಸೂ ಇದರ ಬಗ್ಗೆ ತಿಳಿದಿರಬೇಕು ಅಂತ ಜಾಹೀರಾತು ಹೇಳುತ್ತದೆ. ಯಾಕೆ ತಿಳಿದಿರಬೇಕು ಅನ್ನುವುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ. ನಿಮ್ಮ ಔಷಧಿ ಅಂಗಡಿಯಲ್ಲಿ ಸಿಗದಿದ್ದರೆ ಅಂಚೆಚೀಟಿ ಕಳಿಸಿ, ಚಿತ್ರಗಳಿರುವ ಪುಸ್ತಿಕೆಯನ್ನು ಅಂಟಿಸಿದ ಲಕೋಟೆಯಲ್ಲಿ ಕಳಿಸಿಕೊಡುತ್ತೇವೆ ಅನ್ನುತ್ತದೆ.

ಇದು ಯೋನಿಯ ಒಳಭಾಗವನ್ನು ನೀರಿನಿಂದಲೋ ಔಷಧದಿಂದಲೋ ತೊಳೆಯುವ ಸಿರಿಂಜ್. ಹಾಗೆ ತೊಳೆಯುವುದಕ್ಕೆ ಡೂಶ್ ಅಂತ ಹೆಸರು. ಈ ಸಿರಿಂಜ್‌ನ ಒಂದೊಂದು ಭಾಗವನ್ನೂ ಬಿಡಿಸಿ ನೋಡಿದರೆ ಒಂದೊಂದಕ್ಕೂ ಒಂದು ಕಾರಣ ಸಿಗುತ್ತದೆ. ಕೊಳವೆ ಯಾಕೆ ಬಾಗಿದೆ, ತೂತುಗಳು ಯಾಕೆ ತುದಿಯಲ್ಲಿಲ್ಲದೆ ಪಕ್ಕದಲ್ಲಿವೆ, ನೀರು ಯಾಕೆ ಸುತ್ತಬೇಕು, ಬಲ್ಬ್ ಯಾಕೆ ಬೇಕು. ಮಾಡಿದವರು ಜಾಣರು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅವರ ಜಾಣತನವೆಲ್ಲ ನೀರನ್ನು ಒಳಗೆ ಕಳಿಸುವುದಕ್ಕೆ ಖರ್ಚಾಯಿತು. ಒಳಗೆ ಹೋದ ನೀರು ಏನು ಮಾಡುತ್ತದೆ ಅನ್ನುವ ಪ್ರಶ್ನೆಗೆ ಬೇಕಾದಷ್ಟು ಗಮನ ಸಿಗಲಿಲ್ಲ. ಆ ಕೊರತೆಯ ಫಲವನ್ನು ಉಂಡವರು ಹೆಂಗಸರು. ಅದಕ್ಕೇ ಈ ಹಳೆಯ ಸಾಮಾನಿನ ಕಥೆಯನ್ನು ಬಿಡಿಸಿ ಹೇಳಬೇಕು ಅನಿಸಿತು.

ಮೊದಲು ದೇಹದ ರಚನೆ ನೋಡೋಣ. ಅದು ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಪುಸ್ತಕದ ಚಿತ್ರಗಳಲ್ಲಿ ಯೋನಿಯನ್ನು ಟೊಳ್ಳು ಕೊಳವೆಯ ಹಾಗೆ ಬರೆದಿರುತ್ತಾರೆ. ನಿಜವಾಗಿ ಅದರ ಮುಂದಿನ ಗೋಡೆ, ಹಿಂದಿನ ಗೋಡೆ ಒಂದಕ್ಕೊಂದು ಅಂಟಿಕೊಂಡಂತೆ ಇರುತ್ತವೆ. ಒಳಮೈ ನುಣ್ಣಗಿಲ್ಲ, ಅಡ್ಡಡ್ಡ ಮಡಿಕೆಗಳಿವೆ. ಉದ್ದ ಸುಮಾರು 7ರಿಂದ 10 ಸೆಂಟಿಮೀಟರ್. ಹೆಂಗಸು ನಿಂತಾಗ ಅದು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ, ಬೆನ್ನಿನ ಕಡೆಗೆ ಓರೆಯಾಗಿ ಹೋಗುತ್ತದೆ. ಆ ದಾರಿಯ ಕೊನೆಯಲ್ಲಿ ಗರ್ಭಕೋಶದ ಬಾಯಿ ಇದೆ. ಅದರ ನಡುವೆ ಒಂದು ಸಣ್ಣ ರಂಧ್ರ. ಅಲ್ಲಿಂದ ಗರ್ಭಕೋಶ, ಗರ್ಭಕೋಶದ ಎರಡೂ ಕಡೆ ಗರ್ಭನಾಳ. ಆ ನಾಳಗಳ ಇನ್ನೊಂದು ತುದಿ ಹೊಟ್ಟೆಯೊಳಗೆ ತೆರೆದುಕೊಂಡಿದೆ. ಅಂದರೆ ಹೆಣ್ಣಿನ ದೇಹದಲ್ಲಿ ಹೊರಗಿನಿಂದ ಹೊಟ್ಟೆಯೊಳಗಿನ ತನಕ ಒಂದು ದಾರಿ ಇದೆ. ಗಂಡಸರ ದೇಹದಲ್ಲಿ ಇಂಥ ದಾರಿ ಇಲ್ಲ. ಸಾಮಾನ್ಯವಾಗಿ ಗರ್ಭಕೋಶದ ಬಾಯಿಯಲ್ಲಿರುವ ಗಟ್ಟಿ ಲೋಳೆ ಈ ದಾರಿಯನ್ನು ಕಾಯುತ್ತದೆ.

ಈ ದಾರಿಯ ಅಪಾಯ ಹಳೆಯ ವೈದ್ಯರಿಗೂ ಒಂದು ಮಟ್ಟಿಗೆ ಗೊತ್ತಿತ್ತು ಅನಿಸುತ್ತದೆ. ನಮ್ಮ ಚರಕಸಂಹಿತೆಯಲ್ಲಿ ಉತ್ತರಬಸ್ತಿ ಅನ್ನುವ ಚಿಕಿತ್ಸೆ ಬರುತ್ತದೆ. ಪ್ರಾಣಿಯ ಮೂತ್ರಚೀಲದಲ್ಲಿ ಔಷಧ ತುಂಬಿ, ಅದಕ್ಕೊಂದು ಕೊಳವೆ ಕಟ್ಟಿ, ಚೀಲವನ್ನು ಹಿಂಡುವುದು. ಆ ಕೊಳವೆಗೆ ಪುಷ್ಪನೇತ್ರ ಅಂತ ಹೆಸರು. ಚಿನ್ನದ್ದೋ ಬೆಳ್ಳಿಯದ್ದೋ ಆಗಿರಬೇಕು, ನುಣ್ಣಗಿರಬೇಕು, ಹಸುವಿನ ಬಾಲದ ಹಾಗೆ ತುದಿಗೆ ಬರುತ್ತಾ ಸಣ್ಣಗಾಗಬೇಕು. ಹೆಂಗಸರಿಗೆ ಮಾಡುವ ಕೊಳವೆ 10 ಅಂಗುಲ ಉದ್ದ, ಹೆಸರುಕಾಳು ಹೋಗುವಷ್ಟು ತೂತು. ನನಗೆ ತುಂಬ ಹಿಡಿಸಿದ್ದು ಇನ್ನೊಂದು ವಿವರ. ಕೊಳವೆಯ ಮೈಮೇಲೆ ‘ಕರ್ಣಿಕೆ’ ಅನ್ನುವ ಉಬ್ಬು ಇರುತ್ತದೆ. ಕೊಳವೆ ಎಷ್ಟು ಒಳಗೆ ಹೋಗಬೇಕೋ ಅಷ್ಟಕ್ಕೇ ಆ ಉಬ್ಬು ತಡೆಯುತ್ತದೆ. ಕೈ ತಪ್ಪಿದರೂ ಕೊಳವೆ ಮುಂದೆ ಹೋಗುವುದಿಲ್ಲ. ಇದು ವೈದ್ಯರು ಮಾಡುವ ಚಿಕಿತ್ಸೆಯಾಗಿತ್ತು, ದಿನಾ ತೊಳೆದುಕೊಳ್ಳುವ ಅಭ್ಯಾಸವಲ್ಲ. ಯುರೋಪಿನಲ್ಲೂ ಬಹಳ ಕಾಲ ಇದೇ ರೀತಿ ಚೀಲ ಮತ್ತು ಕೊಳವೆಯ ಉಪಕರಣ ಇತ್ತು.

ಆಮೇಲೆ ಯುರೋಪಿನಲ್ಲಿ ಲೋಹದ ಸಿರಿಂಜ್ ಬಂತು. 17, 18ನೇ ಶತಮಾನದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಲೋಹ ಪ್ಯೂಟರ್. ಅದು ತವರ ಜಾಸ್ತಿ ಇರುವ ಮಿಶ್ರಲೋಹ, ಹಲವು ಸಲ ಸೀಸವನ್ನೂ ಬೆರೆಸುತ್ತಿದ್ದರು. ಕಡಿಮೆ ಶಾಖಕ್ಕೇ ಕರಗುತ್ತದೆ, ಅಚ್ಚಿಗೆ ಹೊಯ್ಯುವುದು ಸುಲಭ, ಬೆಲೆ ಕಡಿಮೆ. ಒಂದು ಉರುಟಾದ ಕೊಳವೆ, ಒಳಗೆ ಹಿಂದೆ ಮುಂದೆ ಹೋಗುವ ದಂಡ. ದಂಡದ ತುದಿಗೆ ಚರ್ಮವನ್ನೋ ನೂಲನ್ನೋ ಬಿಗಿಯಾಗಿ ಸುತ್ತಿ, ನೀರು ಹಿಂದಕ್ಕೆ ಸೋರದ ಹಾಗೆ ಮಾಡುತ್ತಿದ್ದರು. ಚರ್ಮ ಒಣಗಿದರೆ ಸಿರಿಂಜ್ ಸೋರುತ್ತಿತ್ತು. ಹಾಗಾಗಿ ಅದನ್ನು ನೆನೆಸಿ, ಎಣ್ಣೆ ಹಚ್ಚಿ ಇಟ್ಟುಕೊಳ್ಳಬೇಕಿತ್ತು.

ಗಂಡಸರ ಸಿರಿಂಜ್‌ಗೂ ಹೆಂಗಸರ ಸಿರಿಂಜ್‌ಗೂ ಮೂತಿಯಲ್ಲಿ ವ್ಯತ್ಯಾಸ. ಗಂಡಸರದು ಸಣ್ಣ, ನೇರ, ಚೂಪು ಮೂತಿ. ಲೈಂಗಿಕ ರೋಗಗಳಿಗೆ ಮೂತ್ರನಾಳದೊಳಗೆ ಔಷಧ ಹಾಕಲು ಅದು ಬಳಕೆಯಾಗುತ್ತಿತ್ತು. ಹೆಂಗಸರ ಸಿರಿಂಜ್‌ಗೆ ಉದ್ದವಾದ, ಬಾಗಿದ ಕೊಳವೆ, ಅದರ ತುದಿಯಲ್ಲಿ ಮೊಗ್ಗಿನಂಥ ಉಬ್ಬು, ಉಬ್ಬಿನ ಸುತ್ತ ಸಣ್ಣ ಸಣ್ಣ ತೂತು. ಬಾಗಿದ್ದು ಯಾಕೆ ಅಂದರೆ ಒಳದಾರಿ ಓರೆಯಾಗಿದೆ. ಜೊತೆಗೆ ಹೆಂಗಸು ಬೇರೆಯವರ ಸಹಾಯವಿಲ್ಲದೆ ತನ್ನ ಕೈಯಿಂದಲೇ ಬಳಸಬೇಕು ಅಂದರೂ ಬಾಗಿದ ಕೊಳವೆಯೇ ಅನುಕೂಲ. ಉಬ್ಬು ಯಾಕೆ ಅಂದರೆ ಚೂಪಾದ ಲೋಹ ಒಳಗಿನ ಮೆದು ಚರ್ಮವನ್ನು ಗೀರುತ್ತದೆ, ಗುಂಡಗಿನದು ಗೀರುವುದಿಲ್ಲ. ತೂತುಗಳು ಪಕ್ಕದಲ್ಲಿ ಯಾಕೆ ಅಂದರೆ ಎರಡು ಕಾರಣ. ಒಂದು, ಗೋಡೆಗಳು ಅಂಟಿಕೊಂಡಿರುವುದರಿಂದ ನೇರವಾಗಿ ಚಿಮ್ಮುವ ನೀರು ಅವನ್ನು ತೊಳೆಯುವುದಿಲ್ಲ, ಪಕ್ಕಕ್ಕೆ ಚಿಮ್ಮಿದರೆ ತೊಳೆಯುತ್ತದೆ. ಎರಡನೆಯದು ಹೆಚ್ಚು ಮುಖ್ಯ. ತುದಿಯ ನಡುವೆ ತೂತಿದ್ದರೆ ನೀರಿನ ಧಾರೆ ನೇರವಾಗಿ ಗರ್ಭಕೋಶದ ಬಾಯಿಗೆ ಗುರಿಯಿಟ್ಟ ಹಾಗಾಗುತ್ತದೆ. ಅಲ್ಲಿಂದ ಮೇಲೆ ಹೋದರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಹೀಗೆ ತುದಿಯ ನಡುವಿನ ತೂತನ್ನು ಮುಚ್ಚಿದ್ದು ಈ ಉಪಕರಣದ ಇತಿಹಾಸದಲ್ಲಿ ಎಲ್ಲಕ್ಕಿಂತ ಒಳ್ಳೆಯ ತೀರ್ಮಾನ ಅಂತ ನನ್ನ ಲೆಕ್ಕ.

ಗಾಜಿನ ಸಿರಿಂಜ್‌ಗಳೂ ಇದ್ದವು. ಶುಚಿಯಾಗಿಡುವುದು ಸುಲಭ, ಆದರೆ ಒಳಗೆ ಒಡೆದರೆ? ದಂತ, ಮೂಳೆ, ಮರದಲ್ಲೂ ಮಾಡುತ್ತಿದ್ದರು. ಇವೆಲ್ಲಕ್ಕೂ ಒಂದೇ ತೊಂದರೆ: ಒಂದು ಸಲಕ್ಕೆ ಕೊಳವೆ ತುಂಬುವಷ್ಟು ನೀರು ಮಾತ್ರ ಹೋಗುತ್ತದೆ. ಮತ್ತೆ ಹೊರಗೆ ತೆಗೆಯಬೇಕು, ತುಂಬಬೇಕು, ಮತ್ತೆ ಹಾಕಬೇಕು.

ಇದನ್ನು ಬಗೆಹರಿಸಿದ್ದು ರಬ್ಬರ್. ಹಸಿ ರಬ್ಬರ್ ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಕು ಬಿಡುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಬಿಸಿ ಮಾಡಿದರೆ ರಬ್ಬರ್ ಗಟ್ಟಿಮುಟ್ಟಾಗಿ, ಹಿಗ್ಗಿ ಕುಗ್ಗುವ ಗುಣ ಉಳಿಸಿಕೊಳ್ಳುತ್ತದೆ ಅಂತ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ. ಗಂಧಕ ಇನ್ನೂ ಜಾಸ್ತಿ ಹಾಕಿದರೆ ಎಬೊನೈಟ್ ಅನ್ನುವ ಕಪ್ಪು, ಗಟ್ಟಿ ರಬ್ಬರ್ ಸಿಗುತ್ತದೆ. ಮೆದು ರಬ್ಬರ್‌ನಿಂದ ಬಲ್ಬ್ ಮತ್ತು ಟ್ಯೂಬ್, ಗಟ್ಟಿ ರಬ್ಬರ್‌ನಿಂದ ಮೂತಿ. ಒಂದೇ ಪದಾರ್ಥದಿಂದ ಇಡೀ ಸಿರಿಂಜ್ ತಯಾರು! ಲೋಹದ ಹಾಗೆ ತುಕ್ಕು ಹಿಡಿಯುವುದಿಲ್ಲ, ಗಾಜಿನ ಹಾಗೆ ಒಡೆಯುವುದಿಲ್ಲ.

ಬಲ್ಬ್‌ನ ಒಳಗಿನ ತಂತ್ರ ಚೆನ್ನಾಗಿದೆ. 1850ರ ದಶಕದಲ್ಲಿ ಬಳಕೆಗೆ ಬಂದ ಮಾದರಿಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಸರ್ಜನ್ ಆಲ್ಫ್ರೆಡ್ ಹಿಗಿನ್ಸನ್ ಹೆಸರಿನ ಸಿರಿಂಜ್ ಹೆಸರುವಾಸಿ. ನಡುವೆ ರಬ್ಬರ್ ಬಲ್ಬ್, ಅದರ ಎರಡೂ ಕಡೆ ಟ್ಯೂಬ್. ಒಂದು ಟ್ಯೂಬ್‌ನ ತುದಿ ನೀರಿನ ಬೋಗುಣಿಯಲ್ಲಿ ಮುಳುಗಿರುತ್ತದೆ, ಇನ್ನೊಂದರ ತುದಿಯಲ್ಲಿ ಮೂತಿ. ಬಲ್ಬ್‌ಗೆ ನೀರು ಬರುವ ಕಡೆ ಒಂದು ವಾಲ್ವ್, ಹೋಗುವ ಕಡೆ ಒಂದು ವಾಲ್ವ್. ಎರಡೂ ನೀರನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಬಲ್ಬ್ ಹಿಸುಕಿದಾಗ ಬೋಗುಣಿ ಕಡೆಯ ವಾಲ್ವ್ ಮುಚ್ಚಿಕೊಳ್ಳುತ್ತದೆ, ಮೂತಿ ಕಡೆಯದು ತೆರೆದುಕೊಳ್ಳುತ್ತದೆ, ನೀರು ಮುಂದೆ ಹೋಗುತ್ತದೆ. ಕೈ ಸಡಿಲ ಬಿಟ್ಟಾಗ ಬಲ್ಬ್ ತಾನಾಗೇ ಉಬ್ಬುತ್ತದೆ, ಒಳಗೆ ಒತ್ತಡ ಕಡಿಮೆಯಾಗುತ್ತದೆ. ಆಗ ಮೂತಿ ಕಡೆಯ ವಾಲ್ವ್ ಮುಚ್ಚಿ, ಬೋಗುಣಿ ಕಡೆಯದು ತೆರೆದು, ಹೊಸ ನೀರು ಬಲ್ಬ್‌ಗೆ ಬರುತ್ತದೆ. ಹಿಸುಕು, ಬಿಡು, ಹಿಸುಕು, ಬಿಡು. ಬೋಗುಣಿ ಖಾಲಿಯಾಗುವ ತನಕ ಮೂತಿಯನ್ನು ಹೊರಗೆ ತೆಗೆಯಬೇಕಾಗಿಲ್ಲ. ಎನಿಮಾ ಕೊಡುವುದಕ್ಕೂ ಇದನ್ನೇ ಬಳಸುತ್ತಿದ್ದರು. ಮೂತಿ ಬದಲಿಸಿದರೆ ಆಯಿತು.

ಆದರೆ ಇಲ್ಲೇ ಒಂದು ಅಪಾಯವೂ ಹುಟ್ಟಿಕೊಂಡಿತು. ಬಲ್ಬ್‌ನಲ್ಲಿ ಮೊದಲು ಇರುವುದು ಗಾಳಿ. ಮೊದಲ ಒಂದೆರಡು ಸಲ ಹಿಸುಕಿದಾಗ ಹೊರಗೆ ಬರುವುದೂ ಗಾಳಿಯೇ. ಅದನ್ನು ಹೊರಗೇ ಕಳೆದು, ನೀರು ಬಂದ ಮೇಲೆ ಬಳಸಬೇಕು. ಬೋಗುಣಿಯಲ್ಲಿ ನೀರು ಇಳಿದು ಟ್ಯೂಬ್‌ನ ತುದಿ ಮೇಲೆ ಬಂದರೂ ಬಲ್ಬ್ ಗಾಳಿಯನ್ನೇ ಎಳೆದು ಗಾಳಿಯನ್ನೇ ದೂಡುತ್ತದೆ. ಅದಕ್ಕೆ ನೀರು ಯಾವುದು, ಗಾಳಿ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನೆಯದು ಒತ್ತಡ. ಕೈಯಿಂದ ಹಿಸುಕುವಾಗ ಒತ್ತಡ ಎಷ್ಟಾಗುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ. ಮೆಲ್ಲಗೆ ಹಿಸುಕಿದರೆ ಕಡಿಮೆ, ಗಟ್ಟಿಯಾಗಿ ಹಿಸುಕಿದರೆ ವಿಪರೀತ.

ಇದಕ್ಕೆ ಉತ್ತರವಾಗಿ ಇನ್ನೊಂದು ಮಾದರಿ ಇತ್ತು, ಅದಕ್ಕೆ ಫೌಂಟನ್ ಸಿರಿಂಜ್ ಅನ್ನುತ್ತಿದ್ದರು. ಬಲ್ಬ್ ಇಲ್ಲ, ವಾಲ್ವ್ ಇಲ್ಲ. ಗೋಡೆಯ ಮೊಳೆಗೆ ತೂಗುಹಾಕುವ ರಬ್ಬರ್ ಚೀಲ, ಕೆಳಗೆ ಉದ್ದನೆಯ ಟ್ಯೂಬ್, ಟ್ಯೂಬ್‌ಗೆ ಒಂದು ಕ್ಲಿಪ್, ತುದಿಗೆ ಮೂತಿ. ಮನೆ ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬರುತ್ತದಲ್ಲ, ಅದೇ ತತ್ವ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ರಭಸ ಜಾಸ್ತಿ. ಇದರಲ್ಲಿ ಒಳ್ಳೆಯ ಗುಣ ಏನು ಅಂದರೆ ಒತ್ತಡಕ್ಕೆ ಒಂದು ಮಿತಿ ಇದೆ. ಲೆಕ್ಕ ಹಾಕಿ ನೋಡಿ: ನೀರಿನ ಮಟ್ಟ ಮೂತಿಗಿಂತ 2 ಅಡಿ ಎತ್ತರದಲ್ಲಿದ್ದರೆ ಒತ್ತಡ ಸುಮಾರು 45 ಮಿಲಿಮೀಟರ್ ಪಾದರಸ. ಬಿಪಿ ಅಳೆಯುವಾಗ ಹೇಳುತ್ತಾರಲ್ಲ, ಅದೇ ಅಳತೆ. 4 ಅಡಿ ಆದರೆ ಸುಮಾರು 90. ಚೀಲವನ್ನು ಎಲ್ಲಿ ತೂಗುಹಾಕಿದ್ದೀರಿ ಅನ್ನುವುದೇ ಒತ್ತಡವನ್ನು ತೀರ್ಮಾನಿಸುತ್ತದೆ. ಯಾರ ಕೈಯ ಬಲವೂ ಅದನ್ನು ಹೆಚ್ಚಿಸಲಾರದು. ಹಾಗಾಗಿ ಆಸ್ಪತ್ರೆಗಳಲ್ಲೂ ಎತ್ತರದಲ್ಲಿಟ್ಟ ಗಾಜಿನ ಪಾತ್ರೆ, ರಬ್ಬರ್ ಟ್ಯೂಬ್, ಕುದಿಸಬಹುದಾದ ಗಾಜಿನ ಮೂತಿ ಬಳಕೆಗೆ ಬಂದವು.

ಹಾಗಾದರೆ ಮಾರ್ವೆಲ್‌ನಂಥ ಬಲ್ಬ್ ಸಿರಿಂಜ್ ಯಾಕೆ ಬೇಕಾಯಿತು? ಒಂದು, ಸಣ್ಣದು. ಚೀಲ ತೂಗುಹಾಕಲು ಜಾಗ ಬೇಕು, ಒಂಟಿಯಾಗಿ ಸ್ವಲ್ಪ ಹೊತ್ತು ಇರಲು ಕೋಣೆ ಬೇಕು. ಎಲ್ಲರ ಮನೆಯಲ್ಲೂ ಅದು ಎಲ್ಲಿರುತ್ತದೆ? ಬಲ್ಬ್ ಸಿರಿಂಜನ್ನು ಪೆಟ್ಟಿಗೆಯಲ್ಲಿಟ್ಟು ಯಾರಿಗೂ ಕಾಣದ ಹಾಗೆ ಎತ್ತಿಡಬಹುದು. ಎರಡು, ವೇಗ. ಕ್ಷಣದಲ್ಲಿ ತೊಳೆಯುತ್ತದೆ ಅಂತಲೇ ಜಾಹೀರಾತು ಹೇಳುತ್ತಿತ್ತು. ಮೂರು, ಆ ಸುರುಳಿ. ಮೂತಿಯಲ್ಲಿ ನೀರಿನ ದಾರಿಯನ್ನು ನೇರವಾಗಿಡದೆ ಓರೆಯಾಗಿ ತಿರುಗಿಸಿದರೆ ನೀರು ಹೊರಬರುವಾಗ ಗಿರ್ರನೆ ಸುತ್ತುತ್ತಾ ಹರಡುತ್ತದೆ. ಹಾಗೆ ಹರಡಿದ ನೀರು ಗೋಡೆಗಳನ್ನು ದೂರ ಸರಿಸಿ, ಮಡಿಕೆಗಳನ್ನು ಬಿಡಿಸಿ ತೊಳೆಯುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಮಡಿಕೆಗಳು ಇವೆ ಅನ್ನುವುದು ಮಾಡಿದವರಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಹಾಗೇ ಮೂತಿ ಮಾಡಿದರು. ಬಲ್ಬ್ ಸಡಿಲ ಬಿಟ್ಟಾಗ ಬಳಸಿದ ನೀರು ವಾಪಸ್ ಬಲ್ಬ್‌ಗೇ ಬರುತ್ತಿತ್ತು. ಒಳಗೆ ಹಾಕುವುದು, ಹೊರಗೆ ಎಳೆಯುವುದು ಎರಡೂ ಒಂದರಲ್ಲೇ ಅಂತ ಅದನ್ನೂ ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು.

ಈ ಜಾತಿಯ ಹಲವು ಸಿರಿಂಜ್‌ಗಳ ಕೊಳವೆಗೆ ಒಂದು ಅಗಲವಾದ ರಬ್ಬರ್ ತಟ್ಟೆಯನ್ನೂ ಕೂರಿಸುತ್ತಿದ್ದರು. ಅದು ಯೋನಿಯ ಬಾಯಿಗೆ ಒತ್ತಿಕೊಂಡು ಕೂರುತ್ತದೆ. ನೀರು ಬಟ್ಟೆಯ ಮೇಲೆ ಸೋರುವುದಿಲ್ಲ, ಕೊಳವೆ ಹೆಚ್ಚು ಒಳಗೆ ಹೋಗುವುದಿಲ್ಲ. ಚರಕನ ಕರ್ಣಿಕೆ ಮಾಡುತ್ತಿದ್ದ ಕೆಲಸವನ್ನೇ ಇದೂ ಮಾಡುತ್ತದೆ, ಸರಿ. ಆದರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಹೊರಗೆ ಬರುವ ದಾರಿಯನ್ನು ಮುಚ್ಚುತ್ತದೆ. ತೂಗುಹಾಕಿದ ಚೀಲದಿಂದ ಬರುವ ನೀರು ಕೊಳವೆಯ ಪಕ್ಕದಿಂದ ಸಲೀಸಾಗಿ ಹೊರಗೆ ಹರಿದುಹೋಗುತ್ತದೆ. ಇಲ್ಲಿ ಹಾಗಲ್ಲ. ಹೊರದಾರಿ ಬಂದ್, ಹಿಂದಿನಿಂದ ಕೈಯ ಒತ್ತಡ. ಆಗ ನೀರಿಗೆ ಉಳಿದಿರುವುದು ಮೇಲಿನ ದಾರಿ ಒಂದೇ. ಬಟ್ಟೆ ಒದ್ದೆಯಾಗದಿರಲಿ ಅಂತ ಮಾಡಿದ ಅನುಕೂಲವೇ ಒಳಗಿನ ಒತ್ತಡವನ್ನು ಹೆಚ್ಚಿಸಿತು.

ಇನ್ನು ಹೆಂಗಸರು ಇದನ್ನು ಕೊಳ್ಳುತ್ತಿದ್ದುದು ಯಾಕೆ ಅನ್ನುವ ಪ್ರಶ್ನೆ. ಕೆಲವರು ಬಿಳಿಸೆರಗಿಗೆ, ಕೆಲವರು ವೈದ್ಯರು ಹೇಳಿದ್ದಕ್ಕೆ, ಕೆಲವರು ಮುಟ್ಟಿನ ನಂತರ ಸ್ವಚ್ಛವಾಗಲಿ ಅಂತ. ಆದರೆ ಬಹಳ ಜನ ಕೊಂಡಿದ್ದು ಗರ್ಭ ನಿಲ್ಲದಿರಲಿ ಅಂತ. ಇದನ್ನು ಬಾಯಿಬಿಟ್ಟು ಹೇಳಿದ ಮೊದಲಿಗರಲ್ಲಿ ಒಬ್ಬ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಚಾರ್ಲ್ಸ್ ನೋಲ್ಟನ್. 1832ರಲ್ಲಿ ಒಂದು ಪುಟ್ಟ ಪುಸ್ತಿಕೆ ಬರೆದ. ಗಂಡ ಹೆಂಡತಿ ಸೇರಿದ ತಕ್ಷಣ ಪಟಿಕ, ಸತುವಿನ ಲವಣ, ವಿನಿಗರ್ ಇಂಥದ್ದು ಯಾವುದಾದರೂ ಬೆರೆಸಿದ ನೀರಿನಿಂದ ಹೆಂಗಸರ ಸಿರಿಂಜ್ ಬಳಸಿ ತೊಳೆದುಕೊಳ್ಳಿ ಅಂತ ಅದರಲ್ಲಿ ಬರೆದಿದ್ದ. ಸಿರಿಂಜ್ ಔಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತಿತ್ತು, ಗಂಡನ ಒಪ್ಪಿಗೆ ಬೇಕಿರಲಿಲ್ಲ. ನಿರ್ಧಾರ ಹೆಂಗಸಿನ ಕೈಯಲ್ಲೇ ಇರುತ್ತಿತ್ತು. ಈ ಮಾತು ಬರೆದಿದ್ದಕ್ಕೆ ನೋಲ್ಟನ್ ಮೂರು ತಿಂಗಳು ಕಠಿಣ ಶಿಕ್ಷೆ ಅನುಭವಿಸಿದ.

ಅದೇ ಪುಸ್ತಿಕೆಯನ್ನು 1877ರಲ್ಲಿ ಲಂಡನ್ನಿನಲ್ಲಿ ಮತ್ತೆ ಅಚ್ಚುಹಾಕಿಸಿ ಕೋರ್ಟು ಹತ್ತಿದವರು ಚಾರ್ಲ್ಸ್ ಬ್ರ್ಯಾಡ್ಲಾ ಮತ್ತು ಆನಿ ಬೆಸೆಂಟ್. ಹೌದು, ನಮಗೆಲ್ಲ ಹೋಂ ರೂಲ್ ಚಳವಳಿಯಿಂದ ಗೊತ್ತಿರುವ ಆನಿ ಬೆಸೆಂಟ್. 1917ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಶುರುವಾಗಲು ಕಾರಣರಾದವರು. ಕೇಸಿನಿಂದಾಗಿ ಪುಸ್ತಿಕೆ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಶಿಕ್ಷೆ ಒಂದು ತಾಂತ್ರಿಕ ಕಾರಣಕ್ಕೆ ರದ್ದಾಯಿತು. ಆದರೆ ಮರುವರ್ಷ ಆನಿ ಬೆಸೆಂಟ್ ತಮ್ಮ ಮಗಳನ್ನು ಜೊತೆಗಿಟ್ಟುಕೊಳ್ಳುವ ಹಕ್ಕನ್ನೇ ಕಳೆದುಕೊಂಡರು. ಇಂಥ ಪುಸ್ತಕ ಪ್ರಕಟಿಸಿದ ಹೆಂಗಸು ಮಗಳನ್ನು ಬೆಳೆಸಲು ತಕ್ಕವಳಲ್ಲ ಅನ್ನುವುದೂ ಅದಕ್ಕೆ ಒಂದು ಕಾರಣವಾಗಿತ್ತು. ಒಂದು ಸಿರಿಂಜ್ ಬಳಸುವ ವಿಧಾನವನ್ನು ಬಡ ಹೆಂಗಸರಿಗೆ ತಿಳಿಸಿದ್ದಕ್ಕೆ ತೆತ್ತ ಬೆಲೆ ಅದು. ಓದಿದಾಗಲೆಲ್ಲ ಸಂಕಟವಾಗುತ್ತದೆ.

ಅಮೆರಿಕದಲ್ಲಿ 1873ರಲ್ಲಿ ಕಾಮ್‌ಸ್ಟಾಕ್ ಕಾನೂನು ಬಂತು. ಗರ್ಭನಿರೋಧಕ ವಸ್ತುಗಳನ್ನಾಗಲಿ ಅವುಗಳ ಬಗೆಗಿನ ಮಾಹಿತಿಯನ್ನಾಗಲಿ ಅಂಚೆಯಲ್ಲಿ ಕಳಿಸುವುದು ಅಪರಾಧವಾಯಿತು. ಸಿರಿಂಜ್ ಮಾತ್ರ ಉಳಿದುಕೊಂಡಿತು. ಯಾಕೆ ಅಂದರೆ ಅದಕ್ಕೆ ಬೇರೆ ಉಪಯೋಗಗಳೂ ಇದ್ದವು. ತೊಳೆಯುವ ಸಾಧನ, ವೈದ್ಯಕೀಯ ಸಾಧನ, ಎನಿಮಾ ಸಾಧನ. ಕಾನೂನಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಅಂಗಡಿಯವರು ‘ಹೆಂಗಸರ ಸಿರಿಂಜ್’ ಅಂದರು, ಕ್ಯಾಟಲಾಗ್‌ಗಳಲ್ಲಿ ಧಾರಾಳವಾಗಿ ಮಾರಿದರು. ಮಾರ್ವೆಲ್ ಜಾಹೀರಾತು ವಿಷಯವನ್ನು ಬಿಡಿಸಿ ಹೇಳದೆ ಅಂಟಿಸಿದ ಲಕೋಟೆಯ ಮಾತಾಡಿದ್ದು ಈ ಹಿನ್ನೆಲೆಯಲ್ಲೇ. ಕೊಳ್ಳುವವರಿಗೆ ಯಾತಕ್ಕೆ ಅಂತ ಗೊತ್ತಿತ್ತು, ಮಾರುವವರಿಗೂ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಇದರ ಕೆಟ್ಟ ಪರಿಣಾಮ ಏನಾಯಿತು ಅಂದರೆ, ಹೇಳದೇ ಇದ್ದ ಉದ್ದೇಶಕ್ಕೆ ಅದು ಎಷ್ಟು ಕೆಲಸ ಮಾಡುತ್ತದೆ ಅಂತ ಯಾರೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಗರ್ಭ ನಿಂತರೆ ಯಾರನ್ನು ಕೇಳುವುದು? ನಾವು ಮಾರಿದ್ದು ಸ್ವಚ್ಛತೆಗೆ ಅಂದುಬಿಟ್ಟರೆ ಮುಗಿಯಿತು, ಅಲ್ವಾ?

ಗರ್ಭ ನಿಲ್ಲುತ್ತಲೂ ಇತ್ತು. ಕಾರಣ ಸರಳ. ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಗರ್ಭಕೋಶದ ಬಾಯಿಯ ಲೋಳೆಯನ್ನು ಹೊಕ್ಕುಬಿಡುತ್ತವೆ. ಒಮ್ಮೆ ಅಲ್ಲಿಗೆ ಸೇರಿದರೆ ಯೋನಿಯಲ್ಲಿ ಎಷ್ಟು ನೀರು ಸುತ್ತಿದರೂ ಅವುಗಳನ್ನು ಮುಟ್ಟಲಾಗದು. ಪಟಿಕ, ವಿನಿಗರ್‌ಗಳು ವೀರ್ಯಾಣುಗಳನ್ನು ಕೊಲ್ಲಬಲ್ಲವು, ಅದು ಸುಳ್ಳಲ್ಲ. ಆದರೆ ಸಿಕ್ಕಿದವನ್ನು ಮಾತ್ರ ಕೊಲ್ಲುತ್ತವೆ. ಗರ್ಭ ನಿಲ್ಲಲು ತಪ್ಪಿಸಿಕೊಂಡ ಒಂದೇ ಒಂದು ಸಾಕು.

ಈಗ ಮೇಲೆ ಹೋದ ನೀರಿನ ವಿಷಯ. ಒತ್ತಡದಿಂದ ಗರ್ಭಕೋಶದೊಳಗೆ ನುಗ್ಗಿದ ನೀರು ಗರ್ಭನಾಳಗಳ ಮೂಲಕ ಹೊಟ್ಟೆಯೊಳಗೆ ಬೀಳಬಹುದು. ಅದರ ಜೊತೆ ಯೋನಿಯಲ್ಲಿದ್ದ ರೋಗಾಣುಗಳೂ ಹೋಗುತ್ತವೆ. ಹೊಟ್ಟೆನೋವು, ಜ್ವರ, ಸೋಂಕು. ಗರ್ಭಿಣಿಯಾಗಿದ್ದರೆ ಇನ್ನೂ ದೊಡ್ಡ ಗಂಡಾಂತರ. ಆಗ ಗರ್ಭಕೋಶದ ಗೋಡೆಯಲ್ಲಿ ರಕ್ತನಾಳಗಳು ಅಗಲವಾಗಿರುತ್ತವೆ. ಬಲ್ಬ್‌ನಿಂದ ಬಂದ ಗಾಳಿ ಅವುಗಳೊಳಗೆ ಹೊಕ್ಕರೆ ನೇರವಾಗಿ ಹೃದಯಕ್ಕೆ ಹೋಗುತ್ತದೆ. ಹೃದಯ ದೂಡಬೇಕಾದ್ದು ರಕ್ತ. ಗಾಳಿಗುಳ್ಳೆ ತುಂಬಿಕೊಂಡರೆ ರಕ್ತ ಮುಂದೆ ಹೋಗುವುದಿಲ್ಲ. ನಿಮಿಷಗಳಲ್ಲಿ ಸಾವು. ಕಾನೂನುಬದ್ಧ ಗರ್ಭಪಾತ ಸಿಗದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಎಷ್ಟೋ ಹೆಂಗಸರು ಹಿಗಿನ್ಸನ್ ಸಿರಿಂಜ್‌ನಿಂದ ಹೀಗೆ ಸತ್ತಿದ್ದಾರೆ. ಯಾವುದೋ ಹಿಂಬದಿಯ ಕೋಣೆಯಲ್ಲಿ, ಒಂದು ಬೋಗುಣಿ ಸೋಪುನೀರಿನ ಪಕ್ಕದಲ್ಲಿ. ವಾಲ್ವ್ ಮಾಡಿದವರ ಉದ್ದೇಶ ಇದಾಗಿರಲಿಲ್ಲ, ನಿಜ. ಆದರೆ ಬೇರೆ ದಾರಿ ಇಲ್ಲದವರ ಕೈಗೆ ಸಿಕ್ಕಿದ್ದು ಆ ಉಪಕರಣವೇ.

ರೋಗಾಣುಗಳ ವಿಷಯಕ್ಕೆ ಬಂದರೆ ಇನ್ನೊಂದು ದುಃಖದ ತಿರುವು ಇದೆ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ವೈದ್ಯರ ಕೈ ತೊಳೆಸಿ ಬಾಣಂತಿ ಜ್ವರವನ್ನು ತಗ್ಗಿಸಿದ. 1867ರಲ್ಲಿ ಬ್ರಿಟನ್ನಿನ ಸರ್ಜನ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ಕೊಳೆಯದಂತೆ ಮಾಡುವುದನ್ನು ತೋರಿಸಿದ. ಇದರಿಂದ ವೈದ್ಯರು ಒಂದು ತಪ್ಪು ಪಾಠವನ್ನೂ ಕಲಿತರು. ರೋಗಾಣು ಕೆಟ್ಟದ್ದು ಅಂದಮೇಲೆ ಬಾಣಂತಿಯ ಒಳಭಾಗವನ್ನೂ ರೋಗಾಣುನಾಶಕದಿಂದ ತೊಳೆಯೋಣ ಅಂತ ಹೊರಟರು. ಕಾರ್ಬಾಲಿಕ್, ಪಾದರಸದ ಲವಣ. ಹೆರಿಗೆಯಾದ ಗರ್ಭಕೋಶ ಒಂದು ದೊಡ್ಡ ಹಸಿ ಗಾಯ. ಅದು ಪಾದರಸವನ್ನು ಹೀರಿಕೊಂಡಿತು, ಹೆಂಗಸರು ವಿಷವೇರಿ ಸತ್ತರು. ಸಿರಿಂಜ್ ಕೂಡ ರೋಗ ಹರಡುತ್ತಿತ್ತು. ವಾಲ್ವ್‌ನ ಸಂದಿಯಲ್ಲಿ, ಬಲ್ಬ್‌ನ ಒಳಮೈಯಲ್ಲಿ ಕೂತ ಕೊಳೆಯನ್ನು ತೊಳೆಯುವುದು ಕಷ್ಟ. ಬಳಸಿದ ನೀರನ್ನು ವಾಪಸ್ ಬಲ್ಬ್‌ಗೇ ಎಳೆದುಕೊಳ್ಳುವ ಮಾದರಿಯಲ್ಲಿ ಏನಾಗುತ್ತದೆ ಅಂತ ನೀವೇ ಯೋಚಿಸಿ.

20ನೇ ಶತಮಾನದಲ್ಲಿ ಲೈಸಾಲ್ ಬಂತು. ಜರ್ಮನಿಯಲ್ಲಿ 1889ರಲ್ಲಿ ತಯಾರಾದ ರೋಗಾಣುನಾಶಕ, ನೆಲ ಒರೆಸುವಂಥದ್ದು. ಆಗ ಅದರಲ್ಲಿ ಕ್ರಿಸಾಲ್ ಅನ್ನುವ ಚರ್ಮ ಸುಡುವ ರಾಸಾಯನಿಕ ಇರುತ್ತಿತ್ತು. ಇದನ್ನು ನೀರಿಗೆ ಬೆರೆಸಿ ಡೂಶ್ ಮಾಡಿಕೊಳ್ಳಿ ಅಂತ 1920ರ ದಶಕದಿಂದ ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಜಾಹೀರಾತು. ಗಂಡ ದೂರವಾಗುತ್ತಿದ್ದಾನೆ, ತಪ್ಪು ನಿನ್ನದೇ, ನೀನು ಶುಚಿಯಾಗಿಲ್ಲ ಅನ್ನುವ ಧಾಟಿ. ಯುರೋಪಿನ ಲೇಡಿ ಡಾಕ್ಟರುಗಳು ಶಿಫಾರಸು ಮಾಡಿದಂತೆಯೂ ಹಾಕುತ್ತಿದ್ದರು. ಅಮೆರಿಕದ ವೈದ್ಯಕೀಯ ಸಂಘ ವಿಚಾರಿಸಿದಾಗ ಅಂಥ ಡಾಕ್ಟರುಗಳು ಇರಲೇ ಇಲ್ಲ ಅಂತ ಗೊತ್ತಾಯಿತು. ಜಾಹೀರಾತುಗಳು ಜೋರಾಗುವ ಮೊದಲೇ, 1911ರ ಹೊತ್ತಿಗೇ, ಲೈಸಾಲ್‌ನಿಂದ ವಿಷವೇರಿದ ಪ್ರಕರಣಗಳನ್ನೂ ಡೂಶ್ ಮಾಡಿಕೊಂಡು ಸತ್ತವರ ವಿವರವನ್ನೂ ವೈದ್ಯರು ದಾಖಲಿಸಿದ್ದರು. ಆದರೂ ಮಾರಾಟ ನಿಲ್ಲಲಿಲ್ಲ. ಅದೇ ಹೊತ್ತಿನಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಗರ್ಭನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ಮುಂದೆ ನಿಂತು ಮುಚ್ಚುಮರೆ ಇಲ್ಲದೆ ಹೇಳಿದರೆ ಹೆಂಗಸರು ಜಾಹೀರಾತಿನ ಅರ್ಧಮಾತನ್ನು ನಂಬಬೇಕಾಗಿಲ್ಲ. ಅದಕ್ಕೇ ಮೈಸೂರಿನ ಆ ಹೆಜ್ಜೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ತೊಳೆಯುವ ಅಗತ್ಯವಾದರೂ ಇತ್ತೇ? ಇರಲಿಲ್ಲ ಅನ್ನುವುದಕ್ಕೆ ಪುರಾವೆ 1892ರಲ್ಲೇ ಸಿಕ್ಕಿತ್ತು. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ಆರೋಗ್ಯವಂತ ಹೆಂಗಸರ ಯೋನಿಯಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ. ಇವು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಮೊಸರನ್ನು ಹುಳಿ ಮಾಡುವುದೂ ಇದೇ ಆಮ್ಲ. ಈಸ್ಟ್ರೋಜನ್ ಹಾರ್ಮೋನಿನಿಂದಾಗಿ ಯೋನಿಯ ಗೋಡೆಯ ಜೀವಕೋಶಗಳಲ್ಲಿ ಗ್ಲೈಕೋಜನ್ ಅನ್ನುವ ಒಂದು ಬಗೆಯ ಪಿಷ್ಟ ಶೇಖರವಾಗುತ್ತದೆ, ಅದೇ ಈ ಬ್ಯಾಕ್ಟೀರಿಯಾಗಳಿಗೆ ಆಹಾರಕ್ಕೆ ಮೂಲ. ಆಮ್ಲದಿಂದ ಒಳಗಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 3.8ರಿಂದ 4.5ರೊಳಗೆ ಇರುತ್ತದೆ. ಕೆಟ್ಟ ರೋಗಾಣುಗಳಲ್ಲಿ ಹೆಚ್ಚಿನವು ಇಷ್ಟು ಹುಳಿಯಲ್ಲಿ ಬೆಳೆಯುವುದಿಲ್ಲ. ಸತ್ತ ಜೀವಕೋಶಗಳು, ಲೋಳೆ ತಾವಾಗೇ ಹೊರಗೆ ಬರುತ್ತವೆ. ದಿನವೂ ಸ್ವಲ್ಪ ಬಿಳಿ ಹೋಗುವುದು ಈ ಕೆಲಸ ನಡೆಯುತ್ತಿದೆ ಅನ್ನುವುದರ ಗುರುತು.

ಡೂಶ್ ಮಾಡಿದಾಗ ಈ ಬ್ಯಾಕ್ಟೀರಿಯಾಗಳೇ ಕೊಚ್ಚಿಹೋಗುತ್ತವೆ. ಹುಳಿ ಕಡಿಮೆಯಾಗುತ್ತದೆ, ಬೇರೆ ರೋಗಾಣುಗಳು ಜಾಗ ಹಿಡಿಯುತ್ತವೆ, ಕೆಟ್ಟ ವಾಸನೆ ಶುರುವಾಗುತ್ತದೆ. ವಾಸನೆ ಹೋಗಲಿ ಅಂತ ಮತ್ತೆ ಡೂಶ್. ಹೀಗೆ ತೊಳೆಯುವ ಅಭ್ಯಾಸ ಇರುವವರಲ್ಲಿ ಯೋನಿಯ ಸೋಂಕು, ಗರ್ಭಕೋಶ ಮತ್ತು ಗರ್ಭನಾಳದ ಸೋಂಕು, ಗರ್ಭನಾಳದಲ್ಲೇ ಗರ್ಭ ಕಟ್ಟುವುದು ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ಇವತ್ತು ಹೆಂಗಸರ ಡಾಕ್ಟರುಗಳು ಡೂಶ್ ಬೇಡ ಅಂತಲೇ ಹೇಳುತ್ತಾರೆ. ಹೊರಭಾಗವನ್ನು ಬರಿ ನೀರಿನಿಂದ ತೊಳೆದರೆ ಸಾಕು. ಬಿಳಿ ಹೋಗುವುದರ ಬಣ್ಣ ಬದಲಾದರೆ, ತುರಿಕೆ, ವಾಸನೆ, ಹೊಟ್ಟೆನೋವು ಇದ್ದರೆ ಡಾಕ್ಟರಿಗೆ ತೋರಿಸಬೇಕು. ಅಂಗಡಿಯಿಂದ ಸುಮ್ನೆ ಯಾವುದೋ ವಾಶ್ ತಂದು ಒಳಗೆ ಬಳಸಬಾರದು. ‘ಫ್ರೆಶ್’ ಆಗಿರಿ ಅನ್ನುವ ಜಾಹೀರಾತುಗಳು ನಮ್ಮ ಟೀವಿ, ಮೊಬೈಲುಗಳಲ್ಲೂ ಬರುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಳೆಯ ಸಿರಿಂಜ್‌ನ ವಂಶದ ಒಂದು ಉಪಕರಣ ಮಾತ್ರ ಇವತ್ತೂ ಹೆರಿಗೆ ಆಸ್ಪತ್ರೆಗಳಲ್ಲಿ ಗೌರವದಿಂದ ಬಳಕೆಯಲ್ಲಿದೆ. ಡಾಕ್ಟರುಗಳು ಅದನ್ನು ಎಂವಿಎ ಸಿರಿಂಜ್ ಅನ್ನುತ್ತಾರೆ, ಅಂದರೆ ಕೈಯಿಂದಲೇ ನಿರ್ವಾತ ಮಾಡಿ ಗರ್ಭಕೋಶದೊಳಗಿನದನ್ನು ಹೊರಗೆಳೆಯುವ ಸಿರಿಂಜ್. 60 ಮಿಲಿಲೀಟರಿನ ಪ್ಲಾಸ್ಟಿಕ್ ಸಿರಿಂಜ್, ಅದಕ್ಕೆ ವಾಲ್ವ್, ಮುಂದೆ ಬಳುಕುವ ಪ್ಲಾಸ್ಟಿಕ್ ಕೊಳವೆ. ಕೊಳವೆಯ ತೂತು ಇಲ್ಲೂ ಪಕ್ಕದಲ್ಲೇ ಇದೆ, ತುದಿ ಇಲ್ಲೂ ಗುಂಡಗೇ ಇದೆ. ಗರ್ಭಪಾತ ಅರ್ಧಕ್ಕೆ ನಿಂತಾಗ, ಅಥವಾ 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಯಂತೆ ಆರಂಭದ ತಿಂಗಳುಗಳಲ್ಲಿ ಗರ್ಭ ತೆಗೆಯಬೇಕಾದಾಗ ಇದನ್ನು ಬಳಸುತ್ತಾರೆ. ಕರೆಂಟ್ ಬೇಕಿಲ್ಲ, ಹಾಗಾಗಿ ದೊಡ್ಡ ಆಸ್ಪತ್ರೆಯೇ ಆಗಬೇಕು ಅಂತಿಲ್ಲ. ಮೊದಲು ವಾಲ್ವ್ ಮುಚ್ಚಿ ದಂಡವನ್ನು ಹಿಂದಕ್ಕೆಳೆದು ನಿಲ್ಲಿಸುತ್ತಾರೆ. ಒಳಗೆ 600 ಮಿಲಿಮೀಟರ್ ಪಾದರಸಕ್ಕೂ ಹೆಚ್ಚಿನ ನಿರ್ವಾತ ಉಂಟಾಗುತ್ತದೆ. ಆಮೇಲೆ ವಾಲ್ವ್ ಬಿಟ್ಟರೆ ಅದು ಎಳೆದುಕೊಳ್ಳುತ್ತದೆ. ಇದು ಎಳೆಯುವ ಸಿರಿಂಜ್, ದೂಡುವುದಲ್ಲ. ತರಬೇತಿಯಲ್ಲಿ ಎಚ್ಚರಿಸಿ ಹೇಳುವ ಒಂದು ನಿಯಮ ಇದೆ: ಕೊಳವೆ ಗರ್ಭಕೋಶದೊಳಗೆ ಇರುವಾಗ ದಂಡವನ್ನು ಯಾವ ಕಾರಣಕ್ಕೂ ಮುಂದಕ್ಕೆ ಒತ್ತಬಾರದು, ಒತ್ತಿದರೆ ಗಾಳಿ ರಕ್ತಕ್ಕೆ ಸೇರಬಹುದು.